ಎಲ್ಲಿ ಸಿಗುತ್ತದೋ ಅದೇ ನನಗೆ ಬೇಕು ಅಂದ ಹುಡುಗಿ

ಡಿಸೆಂಬರ್ ಬಂತೆಂದರೆ ಹೊರದೇಶದಲ್ಲಿ ಓದುವ ನಮ್ಮ ಮಕ್ಕಳು ಊರಿಗೆ ಬರುತ್ತಾರೆ. ಅವರಲ್ಲಿ ಒಬ್ಬಿಬ್ಬರು ಆಪ್ತಸಲಹೆಗೆಂದು ನನ್ನ ಹತ್ತಿರವೂ ಬರುತ್ತಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆ ಡವಡವ. ಮನೆಯವರು ಮೊದಲು ಅದನ್ನು ಜೆಟ್‌ಲ್ಯಾಗ್ ಅಂದುಕೊಳ್ಳುತ್ತಾರೆ. ಆಮೇಲೆ ದೃಷ್ಟಿ ತೆಗೆಯುತ್ತಾರೆ. ಅದೂ ನಾಟದಿದ್ದರೆ ನನ್ನ ನಂಬರು ಹುಡುಕುತ್ತಾರೆ.

ಈ ಹುಡುಗಿಯೂ ಹಾಗೇ ಬಂದವಳು. ಶ್ರುತಿ ಎಂದಿಟ್ಟುಕೊಳ್ಳೋಣ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಊರು, ಮನೆ, ಕಾಲೇಜು ಎಲ್ಲ ಬದಲಿಸಿದ್ದೇನೆ, ಹಾಗಾಗಿ ‘ಇದು ಅವರ ಮಗಳಲ್ವಾ’ ಎಂದು ಊಹಿಸಲು ಕೂರಬೇಡಿ. ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆ. ಅಪ್ಪ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿ ನಿವೃತ್ತರಾದವರು. ಅವಳು ಹತ್ತರವರೆಗೆ ಕನ್ನಡ ಮೀಡಿಯಂ, ಆಮೇಲೆ ಮಂಗಳೂರು, ಅಲ್ಲಿಂದ ಅಮೆರಿಕ. ಅಲ್ಲಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್‌ಡಿ. ಅಂದರೆ ನಾಳೆ ನನ್ನ ಕುರ್ಚಿಯಲ್ಲಿ ಕೂರುವವಳು ಇವತ್ತು ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಅದಕ್ಕೇ ಅವಳಿಗೆ ನಾಚಿಕೆ ಬೇರೆ.

ಅಲ್ಲಿಯ ವ್ಯವಸ್ಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ಈ ಪಿಎಚ್‌ಡಿಗೆ ಪ್ರಬಂಧ ಬರೆದರೆ ಮಾತ್ರ ಸಾಲದು. ಒಂದು ವರ್ಷ ಪೂರ್ತಿ, ಸಾಮಾನ್ಯವಾಗಿ 2000 ಗಂಟೆ, ಆಸ್ಪತ್ರೆಯಲ್ಲೋ ಕ್ಲಿನಿಕ್ಕಿನಲ್ಲೋ ಇಂಟರ್ನ್‌ಶಿಪ್ ಮಾಡಬೇಕು. ಅದಕ್ಕೆ ಎಪಿಪಿಐಸಿ ಎಂಬ ಸಂಸ್ಥೆಯ ಮೂಲಕ ಅರ್ಜಿ. ಎಷ್ಟು ಗಂಟೆ ಥೆರಪಿ ಕೊಟ್ಟೆ, ಎಷ್ಟು ಟೆಸ್ಟ್ ಮಾಡಿದೆ, ಎಷ್ಟು ರಿಪೋರ್ಟ್ ಬರೆದೆ ಎಂಬ ಲೆಕ್ಕ, 500 ಪದಗಳ ನಾಲ್ಕು ಪ್ರಬಂಧ, ಮೇಷ್ಟ್ರುಗಳ ಪತ್ರ. ನವೆಂಬರ್ ಹೊತ್ತಿಗೆ ಅರ್ಜಿ ಹೋಗುತ್ತದೆ, ಡಿಸೆಂಬರ್, ಜನವರಿಯಲ್ಲಿ ಇಂಟರ್ವ್ಯೂ. ಆಮೇಲೆ ಫೆಬ್ರವರಿ ಆರಂಭದಲ್ಲಿ ನಿಜವಾದ ಪರೀಕ್ಷೆ. ಇಂಟರ್ವ್ಯೂ ಕೊಟ್ಟ ಜಾಗಗಳನ್ನು ನೀನು ಇಷ್ಟದ ಕ್ರಮದಲ್ಲಿ ಬರೆದು ಕೊಡಬೇಕು. ಆ ಜಾಗದವರು ಬಂದ ಅಭ್ಯರ್ಥಿಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆದು ಕೊಡುತ್ತಾರೆ. ಎರಡನ್ನೂ ಕಂಪ್ಯೂಟರ್ ತಾಳೆ ಹಾಕುತ್ತದೆ. 1999ರಿಂದ ಹೀಗೇ ನಡೆಯುತ್ತಿದೆ. ಫೆಬ್ರವರಿ ಮುಗಿಯುವ ಮೊದಲು ಫಲಿತಾಂಶ. ಬಂದದ್ದಕ್ಕೆ ಎರಡೂ ಕಡೆಯವರು ಬದ್ಧರು, ಆಮೇಲೆ ‘ನನಗೆ ಬೇಡ’ ಅನ್ನುವ ಹಾಗಿಲ್ಲ.

ಹೊರದೇಶದವರಿಗೆ ಇದರಲ್ಲಿ ಬಾಗಿಲುಗಳು ಸ್ವಲ್ಪ ಕಡಿಮೆ. ಅಲ್ಲಿಯ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇಂಥ ಸೀಟುಗಳು ತುಂಬ ಇವೆ, ಆದರೆ ಅಮೆರಿಕದ ಪೌರತ್ವ ಬೇಕು. ಹಾಗಾಗಿ ಶ್ರುತಿಯ ಹುಡುಕಾಟ ಶುರುವಾದದ್ದೇ ‘ಇದು ನನಗಿಲ್ಲ, ಇದೂ ನನಗಿಲ್ಲ’ ಎಂದು ಹೊಡೆದು ಹಾಕುವುದರಿಂದ.

ಇಂಟರ್ವ್ಯೂ ಎಲ್ಲ ಆನ್‌ಲೈನ್. ಅಲ್ಲಿಯ ಬೆಳಿಗ್ಗೆ 9 ಅಂದರೆ ನಮ್ಮ ರಾತ್ರಿ ಎಂಟೂವರೆ. ಅಂಗಳದಲ್ಲಿ ಅಡಿಕೆ ಹರಡಿದೆ, ಚಾವಡಿಯ ಮೂಲೆಯಲ್ಲಿ ಇವಳು ಕೋಟು ಹಾಕಿಕೊಂಡು ಲ್ಯಾಪ್‌ಟಾಪ್ ಎದುರು ಕೂತಿದ್ದಾಳೆ, ಗದ್ದೆಯಾಚೆ ಯಕ್ಷಗಾನದ ಮೈಕಿನಲ್ಲಿ ಚೆಂಡೆ, ಯಾವ ಗಳಿಗೆಯಲ್ಲಿ ಕರೆಂಟು ಕೈಕೊಡುತ್ತದೋ ಎಂದು ಅಮ್ಮ ಇನ್ವರ್ಟರ್ ಹತ್ತಿರ ನಿಂತಿದ್ದಾರೆ. ಒಂದೊಂದು ಇಂಟರ್ವ್ಯೂ ಮುಗಿಯುವಾಗ ಮಧ್ಯರಾತ್ರಿ. ಆಮೇಲೆ ಹೊಟ್ಟೆ ತೊಳಸುವುದು, ಬೆಳಗಿನ ತನಕ ಚಾವಣಿ ನೋಡುತ್ತ ಮಲಗುವುದು. ಮೊದಲ ಭೇಟಿಗಳಲ್ಲಿ ನಾವು ಮಾತಾಡಿದ್ದು ಇದನ್ನೇ. ಉಸಿರಾಟ, ನಿದ್ದೆಯ ಹೊತ್ತು, ಕಾಫಿ. ಮಾಮೂಲಿ ವಿಷಯ, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಪ್ರಬಂಧಗಳ ಬಗ್ಗೆ ಮಾತ್ರ ಒಂದು ಮಾತು. ನಾಲ್ಕರಲ್ಲಿ ಒಂದು ನಿನ್ನ ಬಗ್ಗೆ ಏನಾದರೂ ಹೇಳು ಎನ್ನುವಂಥದ್ದು. ಸರಿಯಾದ ರೀತಿ ಅಂತ ಯಾವುದೂ ಇಲ್ಲ ಎಂದು ಅರ್ಜಿಯಲ್ಲೇ ಹೇಳಿರುತ್ತಾರೆ. ಇವಳು ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಬರೆದಿದ್ದಳು. ಗೇರು ತೋಟದ ಮೇಲೆ ಅದನ್ನು ಸಿಂಪಡಿಸುವ ಹೆಲಿಕಾಪ್ಟರ್, ಹಾಸಿಗೆ ಹಿಡಿದ ಮಕ್ಕಳು, ಅದರಿಂದ ನನಗೆ ಮನಶ್ಶಾಸ್ತ್ರ ಓದಬೇಕೆಂದು ಅನಿಸಿತು ಅಂತ. ನಿಮ್ಮ ಮನೆಯಲ್ಲಿ, ನೆರೆಕರೆಯಲ್ಲಿ ಯಾರಿಗಾದರೂ ತೊಂದರೆ ಆಗಿತ್ತಾ ಎಂದು ಕೇಳಿದೆ. ಇಲ್ಲ ಟೀಚರೇ, ಕಾಸರಗೋಡು ಅಂದರೆ ಅವರು ಅದನ್ನೇ ನಿರೀಕ್ಷಿಸುತ್ತಾರೆ ಅಂತ ಯಾರೋ ಹೇಳಿದರು ಅಂದಳು. ನನಗೆ ಸಿಟ್ಟು ಬಂತು, ತೋರಿಸಲಿಲ್ಲ. ಆ ತಾಯಂದಿರಲ್ಲಿ ಕೆಲವರನ್ನು ನಾನು ಬಲ್ಲೆ. ಅವರ ನೋವು ಬೇರೊಬ್ಬರ ಅರ್ಜಿಗೆ ಅಲಂಕಾರ ಅಲ್ಲ. ಆದರೆ ಅರ್ಜಿ ಆಗಲೇ ಹೋಗಿತ್ತು. ಸುಮ್ನೆ ಮನಸ್ಸಿನಲ್ಲಿಟ್ಟುಕೊಂಡೆ.

ಜನವರಿ ಕೊನೆಗೆ, ಹೊರಡುವ ಮುಂಚೆ, ಅಪ್ಪನನ್ನೂ ಕರೆದುಕೊಂಡು ಬಂದಳು. ಲಿಸ್ಟ್ ಕೊಡುವ ಹೊತ್ತು ಹತ್ತಿರ ಬಂದಿತ್ತು, ಮನೆಯಲ್ಲಿ ಜಗಳ. ಇಂಟರ್ವ್ಯೂ ಆದ ಜಾಗಗಳಲ್ಲಿ ಒಂದು ಅಮೆರಿಕದ ಒಂದು ರಾಜ್ಯದ ಸರ್ಕಾರಿ ಮಾನಸಿಕ ಆಸ್ಪತ್ರೆ. ಇನ್ನೊಂದು ಮಕ್ಕಳ ಆಸ್ಪತ್ರೆ. ಮತ್ತೊಂದು ಯೂನಿವರ್ಸಿಟಿಯ ಕೌನ್ಸೆಲಿಂಗ್ ಸೆಂಟರ್, ಅದಿರುವ ಊರಿನಲ್ಲೇ ಸೋದರಮಾವನ ಮನೆ. ಕೊನೆಯದು ಬಡವರ ಬಡಾವಣೆಯ ಒಂದು ಕ್ಲಿನಿಕ್. ಮಾವ ಫೋನು ಮಾಡಿ ಹೇಳಿಯಾಗಿತ್ತು, ಇಲ್ಲಿಯದು ಗ್ಯಾರಂಟಿ, ಇದನ್ನೇ ಮೊದಲು ಹಾಕು, ಆಸೆ ಮಾಡಿ ದೊಡ್ಡದನ್ನು ಮೊದಲು ಹಾಕಿದರೆ ಇದೂ ಹೋಗುತ್ತದೆ ಅಂತ.

‘ಎಂತ ಟೀಚರೇ, ಅವನು ಹೇಳುವುದು ಸರಿಯಲ್ವಾ?’ ಮಾಷ್ಟ್ರು ಕೇಳಿದರು. ‘ಪ್ಲಸ್ ವನ್ನಿಗೆ ಆಪ್ಷನ್ ಕೊಡುವಾಗಲೂ, ಕರ್ನಾಟಕದ ಸಿಇಟಿಗೆ ಗಡಿನಾಡು ಕೋಟಾದಲ್ಲಿ ಹಾಕುವಾಗಲೂ ನಾವು ಹಾಗೇ ಅಲ್ವಾ ಮಾಡುವುದು, ಸಿಗುವುದನ್ನು ಮೊದಲು ನೋಡಿಕೊಳ್ಳುವುದು?’

ನನ್ನದೊಂದು ನಂಬಿಕೆ ಇದೆ. ನಿಯಮ ಗೊತ್ತಿಲ್ಲದೆ ಹೆದರಿದವರಿಗೆ ಉಸಿರಾಟ ಹೇಳಿಕೊಟ್ಟು ಕಳಿಸಬಾರದು. ಮೊದಲು ನಿಯಮ ಹೇಳಿಕೊಡಬೇಕು. ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತದೆ, ಉಳಿದರ್ಧಕ್ಕೆ ನಾವು ಇದ್ದೇವಲ್ಲ. ಹಾಗಾಗಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ಚೀಟಿ ಮಾಡಿದೆ. ಒಂದೊಂದು ಚೀಟಿಯ ಮೇಲೆ ಒಂದೊಂದು ಜಾಗ. ಮಾಷ್ಟ್ರನ್ನು ಆಸ್ಪತ್ರೆಯವರು ಮಾಡಿದೆ, ನಾನು ಕಂಪ್ಯೂಟರ್. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ಶ್ರುತಿ.

ಸರ್ಕಾರಿ ಆಸ್ಪತ್ರೆ ಮೊದಲು, ಮಾವನ ಊರಿನದು ಎರಡನೆಯದು ಎಂದು ಇಟ್ಟೆ. ಮುಚ್ಚಳ ಮೊದಲ ಚೀಟಿಗೆ ಹೋಯಿತು. ಮಾಷ್ಟ್ರು ಸೀಟು ತುಂಬಿದೆ, ಇವಳಿಗಿಂತ ನಮಗೆ ಜಾಸ್ತಿ ಇಷ್ಟವಾದವರು ಸಿಕ್ಕಿದ್ದಾರೆ ಅಂದರು. ಮುಚ್ಚಳ ಎರಡನೆಯದಕ್ಕೆ ಹೋಯಿತು. ಅಲ್ಲಿ ಆಗಲೇ ಒಬ್ಬ ಕೂತಿದ್ದಾನೆ, ಆದರೆ ಆ ಸೆಂಟರಿನವರ ಪಟ್ಟಿಯಲ್ಲಿ ಅವನು ಶ್ರುತಿಗಿಂತ ಕೆಳಗೆ.

‘ಈಗ ಎಂತ ಮಾಡುವುದು?’ ಕೇಳಿದೆ.

‘ಎಂತ ಮಾಡುವುದು? ಅವನು ಮೊದಲು ಬಂದವನಲ್ವಾ?’

‘ಎಬ್ಬಿಸುವುದು ಮಾಷ್ಟ್ರೇ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲು ಹಾಕಿದ ಹಾಗಲ್ಲ ಇದು. ಎಲ್ಲರ ಲೆಕ್ಕ ಮುಗಿಯುವ ತನಕ ಯಾರ ಸೀಟೂ ಗಟ್ಟಿಯಲ್ಲ. ಇವಳು ಅಲ್ಲಿಗೆ ತಡವಾಗಿ ಬಂದಳು ಅಂತ ಅವರು ನೋಡುವುದಿಲ್ಲ. ಇವಳು ತಮ್ಮನ್ನು ಎಷ್ಟನೆಯದಾಗಿ ಬರೆದಿದ್ದಾಳೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಕೇಳುವ ಹಾಗೂ ಇಲ್ಲ, ಅದು ನಿಯಮ.’

ಮಾಷ್ಟ್ರು ಮತ್ತೊಮ್ಮೆ ತಾವೇ ಮುಚ್ಚಳ ತಳ್ಳಿ ನೋಡಿದರು. ಕ್ರಮ ಬದಲಿಸಿ ತಳ್ಳಿದರು. ಮಾವನ ಊರನ್ನು ಮೊದಲು ಹಾಕಿದರೂ ಮೂರನೆಯದು ಹಾಕಿದರೂ, ಅಲ್ಲಿಗೆ ಬಂದು ಮುಟ್ಟಿದಾಗ ಅವಳಿಗೆ ಸಿಗುವ ಅವಕಾಶ ಅಷ್ಟೇ. ಮೇಲಿನದಕ್ಕೆ ಆಸೆಪಟ್ಟದ್ದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಈ ಲೆಕ್ಕದ ಮೂಲ ತೆಗೆದವರಲ್ಲಿ ಲಾಯ್ಡ್ ಶ್ಯಾಪ್ಲಿ ಎಂಬವರೊಬ್ಬರು, ಅದನ್ನು ಇಂಥ ಸೀಟು ಹಂಚುವುದಕ್ಕೆ ಹೊಂದಿಸಿದವರಲ್ಲಿ ಆಲ್ವಿನ್ ರಾತ್ ಒಬ್ಬರು, ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ ಅಂದೆ. ನೊಬೆಲ್ ಅಂದ ಮೇಲೆ ಮಾಷ್ಟ್ರು ಸ್ವಲ್ಪ ನೆಟ್ಟಗೆ ಕೂತರು. ‘ಹಾಗಾದರೆ ಬಾವನಿಗೆ ವಿಷಯ ಗೊತ್ತಿಲ್ಲ’ ಅಂದರು. ಅವರ ಮುಖದಲ್ಲಿ ಒಂದು ಸಣ್ಣ ಖುಷಿಯೂ ಇತ್ತು, ಅದು ಬೇರೆ ಕಥೆ.

ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಶ್ರುತಿ ಮಾತ್ರ ಚೀಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು.

‘ಟೀಚರೇ, ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಹೇಳಿದ್ದಾರೆ. ಇಷ್ಟದ ಕ್ರಮದಲ್ಲಿ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಯಾವುದು ಇಷ್ಟ ಅಂತಲೇ ಗೊತ್ತಿಲ್ಲ. ಇಲ್ಲಿಯ ತನಕ ಯಾವುದು ಸಿಗಬಹುದು ಅಂತ ನೋಡಿಯೇ ನಾನು ಇಷ್ಟಪಟ್ಟದ್ದು. ನೀವೇ ಹೇಳಿ, ಎಲ್ಲಿ ಸಿಗುತ್ತದೆ? ಅದೇ ನನಗೆ ಬೇಕು.’

ಮಾಷ್ಟ್ರು ಏನೋ ಹೇಳಹೊರಟರು. ಹೊರಗೆ ಒಂದು ಚಾ ಕುಡಿದು ಬನ್ನಿ ಎಂದು ಕಳಿಸಿದೆ.

ಈ ಮಾತು ನನ್ನನ್ನು ಯಾಕೆ ಕಾಡಿತು ಅಂದರೆ, ಇದನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಜರ್ಮನಿಗೆ ನರ್ಸಿಂಗಿಗೆ ಹೊರಟ ಹುಡುಗ, ಬಿ.ಎಡ್‌ಗೆ ಸೇರಿದ ಹುಡುಗಿ, ಪಿಎಸ್‌ಸಿಗೆ ಓದುತ್ತಾ ವಯಸ್ಸು ಕಳೆದವರು. ಗಡಿಯಲ್ಲಿ ಬೆಳೆದ ನಮ್ಮ ಮಕ್ಕಳು ಸಣ್ಣದರಿಂದ ಕಲಿಯುವುದೇ ಇದನ್ನು. ಕನ್ನಡ ಮೀಡಿಯಂನಲ್ಲಿ ಓದಿದರೆ ಇಲ್ಲಿ ಯಾವ ಕೆಲಸ ಸಿಗುತ್ತದೆ, ಮಂಗಳೂರಿಗೆ ಹೋದರೆ ಯಾವ ಸರ್ಟಿಫಿಕೇಟ್ ನಡೆಯುತ್ತದೆ, ಯಾವ ಕೋಟಾದಲ್ಲಿ ನಾವು ಬರುತ್ತೇವೆ. ಬಹಳ ಚುರುಕು ಮಕ್ಕಳು. ಬಾಗಿಲು ಎಲ್ಲಿ ತೆರೆದಿದೆ ಎಂದು ಕತ್ತಲಲ್ಲೂ ಹೇಳುತ್ತಾರೆ. ಯಾವ ಕೋಣೆಗೆ ಹೋಗಬೇಕೆಂದು ಕೇಳಿದರೆ ಮುಖ ನೋಡುತ್ತಾರೆ. ಎಂಡೋಸಲ್ಫಾನ್ ಪ್ರಬಂಧವೂ ಅದೇ ಅಭ್ಯಾಸದಿಂದ ಬಂದದ್ದೆಂದು ನನಗೆ ಆಗ ಹೊಳೆಯಿತು. ಅವಳಿಗೆ ಅದನ್ನು ಹೇಳಿದೆ ಕೂಡ. ಕಣ್ಣಲ್ಲಿ ನೀರು ಬಂತು, ಆದರೆ ಇಲ್ಲ ಅನ್ನಲಿಲ್ಲ.

ಯಾವುದು ಇಷ್ಟ ಎಂದು ಕೇಳಿ ಪ್ರಯೋಜನ ಇರಲಿಲ್ಲ. ಅದಕ್ಕೆ ಬೇರೆ ಕೇಳಿದೆ. ‘ಯಾವ ಇಂಟರ್ವ್ಯೂ ಮುಗಿದ ಮೇಲೆ ನಿನಗೆ ಹಸಿವಾಯಿತು?’

ನಕ್ಕಳು. ಆಮೇಲೆ ಯೋಚಿಸಿದಳು. ಮಾವನ ಊರಿನದು ಮುಗಿದ ಮೇಲೆ ವಾಂತಿ. ಮಕ್ಕಳ ಆಸ್ಪತ್ರೆಯದು ಮುಗಿದ ಮೇಲೆ ತಾನು ಏನೇನು ತಪ್ಪು ಹೇಳಿದೆ ಎಂದು ಬರೆದುಕೊಂಡು ಕೂತದ್ದು. ಕ್ಲಿನಿಕ್ಕಿನದು ಪರವಾಗಿಲ್ಲ. ಸರ್ಕಾರಿ ಆಸ್ಪತ್ರೆಯ ದಿನ ಅಲ್ಲಿಯ ಒಬ್ಬ ವಯಸ್ಸಾದ ಡಾಕ್ಟರು ಒಂದು ಕೇಸು ಕೊಟ್ಟು, ವರ್ಷಗಟ್ಟಲೆ ವಾರ್ಡಿನಲ್ಲೇ ಇದ್ದು ಮಾತೇ ಬಿಟ್ಟ ರೋಗಿಯ ಹತ್ತಿರ ಮೊದಲ ದಿನ ಏನು ಮಾಡುತ್ತೀ ಎಂದು ಕೇಳಿದರಂತೆ. ಇವಳು ಹೇಳಿದಳು, ಅವರು ಒಪ್ಪಲಿಲ್ಲ, ಇವಳು ಬಿಡಲಿಲ್ಲ. ಗಂಟೆ ನೋಡುವುದೇ ಮರೆತುಹೋಯಿತು. ‘ಮುಗಿದಾಗ ಹನ್ನೊಂದೂವರೆ. ಅಮ್ಮ ಮಲಗಿದ್ದರು. ಪಾತ್ರೆಯಲ್ಲಿ ತಣ್ಣಗಿನ ಗಂಜಿ ಇತ್ತು. ಒಲೆಯ ಹತ್ತಿರ ನಿಂತೇ ಉಂಡೆ, ಮಿಡಿ ಉಪ್ಪಿನಕಾಯಿ ಹಾಕಿಕೊಂಡು. ಎರಡು ಸಲ ಬಡಿಸಿಕೊಂಡೆ.’

‘ಕೋಟು?’

‘ಕೋಟು ಹಾಕಿಕೊಂಡೇ.’

ನಾನು ಕೊಟ್ಟ ಸಲಹೆ ಇಷ್ಟು. ಲಿಸ್ಟನ್ನು ಇವತ್ತು ರಾತ್ರಿ ಒಬ್ಬಳೇ ಬರೆ, ಸಿಗುತ್ತದೋ ಇಲ್ಲವೋ ಎಂದು ಒಂದು ಸಲವೂ ಲೆಕ್ಕ ಹಾಕದೆ. ಹೋಗಲು ಮನಸ್ಸೇ ಇಲ್ಲದ ಜಾಗ ಇದ್ದರೆ ಅದನ್ನು ಕೊನೆಗೂ ಹಾಕಬೇಡ, ಯಾಕೆಂದರೆ ಬಂದರೆ ಹೋಗಲೇಬೇಕು. ಎಲ್ಲೂ ಸಿಗದಿದ್ದರೆ ಉಳಿದ ಸೀಟುಗಳಿಗೆ ಎರಡನೇ ಸುತ್ತು ಇದೆ, ಮಾರ್ಚಿನಲ್ಲಿ ಫಲಿತಾಂಶ, ಆಕಾಶ ಕಳಚಿ ಬೀಳುವುದಿಲ್ಲ. ಮತ್ತೆ, ಫಲಿತಾಂಶ ಬರುವ ತನಕ ಲಿಸ್ಟನ್ನು ಯಾರಿಗೂ ತೋರಿಸಬೇಡ. ಅಪ್ಪನಿಗೂ, ಮಾವನಿಗೂ, ನನಗೂ.

ಈ ಕೊನೆಯ ಮಾತಿಗೆ ನನ್ನ ಪರಿಚಯದ ಒಬ್ಬ ಆಪ್ತಸಲಹೆಗಾರರು ತಕರಾರು ತೆಗೆದಿದ್ದಾರೆ. ಮನೆಯವರಿಂದ ಮುಚ್ಚಿಡಲು ಹೇಳಿಕೊಟ್ಟಿರಿ, ಅಲ್ಲದೆ ಇದು ಆಪ್ತಸಲಹೆಯೇ ಅಲ್ಲ, ಕೆರಿಯರ್ ಗೈಡೆನ್ಸ್ ಅಂತ. ಇರಲಿ. ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು ಕೆಲವು ವಾರ ಒಂದು ಪಟ್ಟಿಯನ್ನು ತನ್ನಲ್ಲೇ ಇಟ್ಟುಕೊಂಡರೆ ಮನೆ ಮುರಿಯುತ್ತದೆ ಅನ್ನುವುದಾದರೆ ಆ ಮನೆಗೆ ಬೇರೆಯೇ ಸಲಹೆ ಬೇಕು. ತೋರಿಸಿದ್ದರೆ ಏನಾಗುತ್ತಿತ್ತು ಅಂತ ನನಗೆ ಗೊತ್ತು. ಪ್ರೀತಿಯಿಂದಲೇ ತಿದ್ದುತ್ತಿದ್ದರು. ನಾಳೆ ಈ ಹುಡುಗಿ ರೋಗಿಯ ಎದುರು ಕೂತು ‘ನಿಮಗೆ ಏನು ಬೇಕು’ ಎಂದು ಕೇಳಬೇಕಾದವಳು, ಆ ಪ್ರಶ್ನೆಗೆ ಒಂದು ಸಲವಾದರೂ ತಾನು ಉತ್ತರ ಬರೆದಿರಲಿ ಅನಿಸಿತು. ಅದಕ್ಕೆ ಹಾಗೆ ಹೇಳಿದೆ. ಮುಂದೆಯೂ ಹೇಳುತ್ತೇನೆ.

ಫಲಿತಾಂಶ ಬಂತು. ಅವಳು ಎರಡನೆಯದಾಗಿ ಬರೆದದ್ದು ಸಿಕ್ಕಿತು, ಆ ಬಡಾವಣೆಯ ಕ್ಲಿನಿಕ್. ಮೊದಲನೆಯದು ಸಿಗಲಿಲ್ಲವೆಂದು ಒಂದು ದಿನ ಚೆನ್ನಾಗಿ ಅತ್ತಳಂತೆ. ಅದು ಒಳ್ಳೆಯದೇ, ಮೊದಲೆಲ್ಲ ಅವಳಿಗೆ ಸಿಗದ್ದಕ್ಕೆ ಅಳುವುದೇ ಗೊತ್ತಿರಲಿಲ್ಲ. ಮಾವ ಸ್ವಲ್ಪ ದಿನ ಮಾತು ಬಿಟ್ಟಿದ್ದರು, ಈಗ ಸರಿಹೋಗಿದ್ದಾರೆ.

ಮೊನ್ನೆ ಮತ್ತೆ ಫೋನು. ಸ್ಟೂಡೆಂಟ್ ವೀಸಾದಲ್ಲಿ ಇರುವವರು ಓದಿನ ಭಾಗವಾಗಿ ಕೆಲಸ ಮಾಡಲು ಕೊಡುವ ಸಿಪಿಟಿ ಎಂಬ ಅನುಮತಿಯಲ್ಲಿ ಹನ್ನೆರಡು ತಿಂಗಳು ಫುಲ್‌ಟೈಮ್ ಕೆಲಸ ಮಾಡಿದರೆ, ಆ ಪದವಿಯ ಮೇಲೆ ಮುಂದೆ ಸಿಗಬೇಕಾದ ಒಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿ, ಹೋಗುತ್ತದೆ, ಇಂಟರ್ನ್‌ಶಿಪ್ಪೋ ಸರಿಯಾಗಿ ಒಂದು ವರ್ಷದ್ದು, ಈಗೇನು ಮಾಡುವುದು, ನಿದ್ದೆ ಬರುವುದಿಲ್ಲ ಅಂದಳು. ಅದಕ್ಕೆ ನನ್ನ ಹತ್ತಿರ ಬರಬೇಡ ಮಗಾ, ತಾರೀಕುಗಳನ್ನು ಬರೆದುಕೊಂಡು ನಾಳೆಯೇ ನಿಮ್ಮ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗು ಅಂದೆ.