ಆ 200 ಮೀಟರ್ ಯಾರಿಗಾಗಿ?

ಮೈಸೂರಿನ ಹಿರಿಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು. ಟಾಂಜಾನಿಯಾದಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಅವರಿಗೆ ಅಲ್ಲಿನ ಬೇಟೆ ಸಫಾರಿಯ ಒಂದು ನಿಯಮ ಗೊತ್ತಾಯಿತು. ಪರವಾನಗಿ ಪಡೆದವರೂ ವಾಹನದಿಂದ 200 ಮೀಟರ್ ಆಚೆ ನಡೆದುಹೋದ ಮೇಲೆಯೇ ಗುಂಡು ಹಾರಿಸಬೇಕು. “ಸಾಯುವ ಕಾಡೆಮ್ಮೆಗೆ ಈ 200 ಮೀಟರಿನಿಂದ ಏನು ಸಿಕ್ಕಿತು? ಜೀಪಿನಲ್ಲೇ ಕೋವಿ ಊರಿಕೊಂಡು ಹತ್ತಿರದಿಂದ ಹೊಡೆದರೆ ಅದು ನರಳುವುದಾದರೂ ತಪ್ಪೀತು. ಇದು ಕೊಲ್ಲುವವರು ತಮ್ಮ ಮನಸ್ಸಮಾಧಾನಕ್ಕೆ ಮಾಡಿಕೊಂಡ ಕಾನೂನು” ಎನ್ನುತ್ತಾರೆ ಅವರು. ಕೊನೆಗೆ, “ಕಬಿನಿಗೆ ಕ್ಯಾಮೆರಾ ಹಿಡಿದು ಹೋಗುವ ನಮ್ಮಂಥವರಿಗೆ ಇದರ ಗೊಡವೆ ಇಲ್ಲ ತಾನೆ?” ಎಂದೂ ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೆ,

ಹಣ ಕಟ್ಟಿ ಬೇಟೆಯಾಡುವುದು ಇರಬೇಕೆ, ಬೇಡವೆ ಎಂಬುದು ದೊಡ್ಡ ಜಗಳ. ಕೀನ್ಯಾ 1977ರಲ್ಲೇ ಬೇಟೆಯನ್ನು ನಿಲ್ಲಿಸಿತು. ಟಾಂಜಾನಿಯಾದಲ್ಲಿ ಇಂದಿಗೂ ನಡೆಯುತ್ತಿದೆ. ಬೋಟ್ಸ್‌ವಾನಾ 2014ರಲ್ಲಿ ಮುಚ್ಚಿದ ಬಾಗಿಲನ್ನು 2019ರಲ್ಲಿ ತೆರೆಯಿತು. ನಾನು ಬೇಟೆಯ ಪರ ಇರುವವನಲ್ಲ. ಆದರೆ ಬೇಟೆ ನಡೆಯುವ ನೆಲದಲ್ಲಿ ಈ ಒಂದು ನಿಯಮ ಸಡಿಲವಾಗಕೂಡದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ನಿಯಮ ಪಾಲಿಸುವ ಬೇಟೆ ಹೇಗೆ ಸಾಗುತ್ತದೆ ನೋಡಿ. ಬೆಳಗಿನ ಜಾವ ಲ್ಯಾಂಡ್ ಕ್ರೂಸರಿನ ಮೇಲೆ ಕುಳಿತ ಹೆಜ್ಜೆ ನೋಡುವವರು ಮಣ್ಣುದಾರಿಯ ಮೇಲೇ ಕಣ್ಣಿಟ್ಟಿರುತ್ತಾರೆ. ಎಮ್ಮೆ ಹಿಂಡು ದಾರಿ ದಾಟಿದ ಗುರುತು ಕಂಡರೆ ಇಳಿಯುತ್ತಾರೆ. ಗೊರಸಿನ ಅಂಚು ಇನ್ನೂ ಚೂಪಾಗಿದೆಯೋ ಗಾಳಿಗೆ ಕುಸಿದಿದೆಯೋ, ಸಗಣಿ ಒಳಗೆ ಬೆಚ್ಚಗಿದೆಯೋ ಒಣಗಿದೆಯೋ ಎಂದು ಪರೀಕ್ಷಿಸುತ್ತಾರೆ. ಹೆಜ್ಜೆ ಹೊಸದಾದರೆ ವಾಹನ ಅಲ್ಲೇ ನಿಲ್ಲುತ್ತದೆ, ಉಳಿದದ್ದೆಲ್ಲ ಕಾಲ್ನಡಿಗೆ. ಬೂದಿ ತುಂಬಿದ ಪುಟ್ಟ ಬಟ್ಟೆಚೀಲವನ್ನು ಆಗಾಗ ತಟ್ಟಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಳ್ಳುತ್ತಾರೆ. ಗಾಳಿ ತಿರುಗಿತೋ, ಹಿಂಡು ವಾಸನೆ ಹಿಡಿದು ಹೊರಟುಹೋಗುತ್ತದೆ. ಎಮ್ಮೆಗಳ ಬೆನ್ನ ಮೇಲೆ ಉಣ್ಣೆ ಹೆಕ್ಕುವ ಹಕ್ಕಿಗಳು ಮನುಷ್ಯರನ್ನು ಕಂಡು ಕಿರುಚಿ ಹಾರಿದರೂ ಅಷ್ಟೇ, ಆ ಹೊತ್ತಿನ ನಡಿಗೆಯೆಲ್ಲ ವ್ಯರ್ಥ. ಎಮ್ಮೆಗೆ ಸಿಕ್ಕಿದ್ದು ಇದೇ. ಅದರ ಮೂಗು, ಕಿವಿ, ಹಿಂಡಿನ ನೂರು ಕಣ್ಣು, ಬೆನ್ನ ಮೇಲಿನ ಹಕ್ಕಿ, ಎಲ್ಲಕ್ಕೂ ಕೆಲಸ ಮಾಡಲು ಅವಕಾಶ ಸಿಕ್ಕಿತು. ಬಹಳಷ್ಟು ಸಲ ಗೆಲ್ಲುವುದೂ ಅದೇ. ವಾಹನದಿಂದಲೇ ಹೊಡೆಯುವುದಾದರೆ ಇದಾವುದೂ ಅದರ ನೆರವಿಗೆ ಬರುವುದಿಲ್ಲ.

ಹತ್ತಿರದಿಂದ ಹೊಡೆದರೆ ನೋವು ಕಡಿಮೆ ಎಂಬ ನಿಮ್ಮ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಿಂತ ಗಾಡಿಯ ಮೇಲೆ ಕೋವಿ ಊರಿದರೆ ಗುರಿ ಅಲುಗದು ಎಂಬುದು ನಿಜ. ದಕ್ಷಿಣ ಆಫ್ರಿಕಾದ ಕಾನೂನೂ ಹಿಂಡಿನ ಸಂಖ್ಯೆ ತಗ್ಗಿಸುವ ಕೆಲಸಕ್ಕೆ ವಾಹನ ಬಳಸಲು ಬಿಡುತ್ತದೆ. ಆದರೆ ಬೇಟೆಗೆಂದು ದುಡ್ಡು ಸುರಿದು, ಎಣಿಸಿದ ದಿನಗಳಿಗೆ ಬಂದವನ ಕೈಯಲ್ಲಿ ಹೀಗೆ ಆಗುವುದಿಲ್ಲ. ಗಾಡಿ ನಿಂತ ಕೂಡಲೇ ಪ್ರಾಣಿ ತಲೆಯೆತ್ತುತ್ತದೆ, ಇನ್ನು ಅರೆಗಳಿಗೆಯಲ್ಲಿ ಓಡುತ್ತದೆ ಎಂಬ ಆತುರ. ಅಡ್ಡ ನಿಂತಿದೆಯೇ, ಹಿಂದೆ ಇನ್ನೊಂದು ಪ್ರಾಣಿ ಇದೆಯೇ, ಜೊತೆಗೆ ಕರು ಇದೆಯೇ ಎಂದು ನೋಡುವಷ್ಟು ವ್ಯವಧಾನ ಇರುವುದಿಲ್ಲ. ಹೊಟ್ಟೆಗೆ ಈಡು ಬಿದ್ದು ಪೊದೆ ಸೇರಿದ ಎಮ್ಮೆ ಗಂಟೆಗಟ್ಟಲೆ ನರಳುತ್ತದೆ. ಅದನ್ನು ಹುಡುಕಿಕೊಂಡು ಮೊದಲು ಪೊದೆಗೆ ನುಗ್ಗಬೇಕಾದವನು ಸಂಬಳಕ್ಕೆ ಬಂದ ಹೆಜ್ಜೆಗಾರ. ನಡೆದು ಹೋದವನಾದರೆ ಬಹುಹೊತ್ತು ಪ್ರಾಣಿಯನ್ನು ನೋಡಿರುತ್ತಾನೆ. ಮೂರು ಕಾಲಿನ ಕೋಲಿನ ಮೇಲೆ ಕೋವಿ ಇಟ್ಟು ಕಾಯುತ್ತಾನೆ. ಗುರಿ ಸರಿಯಿಲ್ಲದಿದ್ದರೆ ಕೋವಿ ಇಳಿಸುತ್ತಾನೆ. ಹಾಗೆ ಇಳಿಸಲು ಬಾರದವನು ಬೇಟೆಗೆ ಹೋಗಲೇಬಾರದು.

ಇನ್ನೊಂದು ಕಾರಣ ಲೆಕ್ಕಕ್ಕೆ ಸಂಬಂಧಿಸಿದ್ದು. ಎರಡು ಕಾಲಿನ ಮೇಲೆ ಮನುಷ್ಯ ಒಂದು ದಿನದಲ್ಲಿ ಎಷ್ಟು ನೆಲ ಸುತ್ತಿಯಾನು? ಗಾಡಿಯಲ್ಲಾದರೆ ಒಂದು ಬಯಲನ್ನೇ ಬರಿದು ಮಾಡಬಹುದು. 1920ರ ದಶಕದ ಕೊನೆಯಲ್ಲಿ ಇಂದಿನ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ನಡೆದದ್ದೇ ಅದು. ಕಾರುಗಳಲ್ಲಿ ಬಂದವರು ಬಯಲಿನ ಸಿಂಹಗಳನ್ನು ಸಾಲುಸಾಲಾಗಿ ಕೆಡವಿದರು. ಅದರ ವಿರುದ್ಧ ದನಿಯೆತ್ತಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಡೆನಿಸ್ ಫಿಂಚ್ ಹ್ಯಾಟನ್ ಸ್ವತಃ ವೃತ್ತಿಯ ಬೇಟೆಗಾರ, ವೇಲ್ಸ್‌ನ ಯುವರಾಜನನ್ನು ಸಫಾರಿಗೆ ಕರೆದೊಯ್ದಿದ್ದವನು. ಕೋವಿ ಹಿಡಿದವನಿಗೇ ಅದು ಸಹಿಸಲಾಗದಷ್ಟು ಅತಿಯಾಗಿತ್ತು. 1933ರಲ್ಲಿ ಲಂಡನ್ನಿನಲ್ಲಿ ಆದ ವನ್ಯಜೀವಿ ಒಪ್ಪಂದ ಮೋಟಾರು ವಾಹನ ಮತ್ತು ವಿಮಾನದಿಂದ ಬೇಟೆಯಾಡುವುದನ್ನು ನಿಷೇಧಿಸಿತು. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ.

ನಮ್ಮ ನಾಡಿನ ಕಥೆ ಇನ್ನೂ ನೋವಿನದು. 1947ರಲ್ಲಿ, ಇಂದಿನ ಛತ್ತೀಸಗಢದಲ್ಲಿರುವ ಕೊರಿಯಾ ಸಂಸ್ಥಾನದ ಮಹಾರಾಜ ರಾಮಾನುಜ ಪ್ರತಾಪ ಸಿಂಹ ದೇವ ರಾತ್ರಿ ವಾಹನದಲ್ಲಿ ಹೋಗುತ್ತಿದ್ದಾಗ ದೀಪದ ಬೆಳಕಿಗೆ ಮೂರು ಚೀತಾಗಳು ಸಿಕ್ಕವು. ಮೂರೂ ಗಂಡು, ಬಹುಶಃ ಒಂದೇ ಸೂಲಿನವು. ಮೂರನ್ನೂ ಅಲ್ಲೇ ಹೊಡೆದುರುಳಿಸಿದರು. ಭಾರತದ ಮೂಲ ಚೀತಾಗಳ ಸಾವಿನ ಕೊನೆಯ ಖಚಿತ ದಾಖಲೆ ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. 1952ರಲ್ಲಿ ಆ ಪ್ರಾಣಿ ನಮ್ಮಲ್ಲಿ ಅಳಿದುಹೋಯಿತು ಎಂದು ಘೋಷಿಸಲಾಯಿತು. ಈ ಬೇಟೆಯ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬಂದಾಗ ಅದರ ಸಂಪಾದಕರು ಅದನ್ನು ಛಾಪಿಸಿ ಕೆಳಗೆ ಒಂದು ಟಿಪ್ಪಣಿ ಬರೆದರು. ಓದಿ ಹೇಸಿಗೆಯಾಗಿ ಕಸದ ಬುಟ್ಟಿಗೆ ಹಾಕಬೇಕೆನಿಸಿತ್ತು, ಪ್ರಕಟಿಸುತ್ತಿರುವುದು ಹೊಗಳಲಿಕ್ಕಲ್ಲ, ದೋಷಾರೋಪಣೆಯಾಗಿ ಎಂಬುದು ಅದರ ತಾತ್ಪರ್ಯ. ಸಂಪಾದಕನ ಕುರ್ಚಿಯಲ್ಲಿ ಕುಳಿತವನು ಮಾಡಬಹುದಾದ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಟ್ಟಿಗೆ ಮುಖ್ಯ ಕಾರಣ ಬೇರೆಯೇ. ಉದ್ಯಾನಗಳಲ್ಲಿ ಪ್ರಾಣಿಗಳು ತಲೆಮಾರುಗಳಿಂದ ವಾಹನ ನೋಡಿ ನೋಡಿ, ಅದರಿಂದ ತಮಗೆ ಕೇಡಿಲ್ಲ ಎಂದು ಕಲಿತಿವೆ. ಸೆರೆಂಗೆಟಿಯಲ್ಲಿ ಸಿಂಹ ಪ್ರವಾಸಿ ಗಾಡಿಯ ನೆರಳಿಗೇ ಬಂದು ಮಲಗುತ್ತದೆ. ಅದೇ ಉದ್ಯಾನಕ್ಕೆ ತಾಗಿಕೊಂಡಿರುವ ಮಸ್ವಾದಲ್ಲಿ ಬೇಟೆಗೆ ಅವಕಾಶವಿದೆ, ನಡುವೆ ಬೇಲಿ ಇಲ್ಲ. ಇತ್ತ ಗಾಡಿಯನ್ನು ನಂಬಲು ಕಲಿತ ಪ್ರಾಣಿಯನ್ನು ಅತ್ತ ಗಾಡಿಯಿಂದಲೇ ಹೊಡೆದರೆ ಅದು ನಂಬಿಕೆದ್ರೋಹ. ಬೇಟೆಗಾರನನ್ನು ಪೊದೆಯ ಮರೆಯಲ್ಲಿ ಮೆಲ್ಲನೆ ಇಳಿಸಿ, ಪ್ರಾಣಿಯ ಕಣ್ಣು ಗಾಡಿಯನ್ನೇ ಹಿಂಬಾಲಿಸುವಂತೆ ಗಾಡಿಯನ್ನು ಮುಂದೆ ಓಡಿಸುವ ಉಪಾಯವೂ ಉಂಟು. ಇಳಿದೇ ಹೊಡೆದೆ ಎಂದು ಅವನು ಹೇಳಿಕೊಳ್ಳಬಹುದು, ಮಾಡಿದ್ದು ಮಾತ್ರ ಅದೇ ದ್ರೋಹ. ಇಂಥದ್ದನ್ನು ತಡೆಯಲೆಂದೇ ಬರೀ “ಗಾಡಿಯಿಂದ ಇಳಿ” ಎಂದರೆ ಸಾಲದು, ಅಳತೆ ಬೇಕು.

ಇನ್ನು ಕಬಿನಿ. 1972ರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಪರವಾನಗಿ ಬೇಟೆಗೆ ಎಡೆಯಿತ್ತು. ಆಗ ಅದರ 17ನೇ ಕಲಮು ವಾಹನದಿಂದ ಹೊಡೆಯುವುದನ್ನೂ, ವಾಹನದಿಂದ ಪ್ರಾಣಿಗಳನ್ನು ಅಟ್ಟುವುದನ್ನೂ, ಉಪ್ಪುನೆಕ್ಕು ಮತ್ತು ನೀರಿನ ತಾಣಗಳಲ್ಲಿ ಹೊಂಚುಹಾಕುವುದನ್ನೂ ನಿಷೇಧಿಸಿತ್ತು. 1991ರ ತಿದ್ದುಪಡಿಯಲ್ಲಿ ಪರವಾನಗಿ ಬೇಟೆಯ ಜೊತೆಗೆ ಆ ಕಲಮೂ ಹೋಯಿತು. ಆದರೆ ಬೇಟೆ ಎಂದರೇನು ಎಂಬ ವಿವರಣೆಯಲ್ಲಿ ಪ್ರಾಣಿಯನ್ನು ಅಟ್ಟುವುದು, ಆಮಿಷ ಒಡ್ಡುವುದು ಇಂದಿಗೂ ಉಳಿದಿವೆ. ಅಭಯಾರಣ್ಯದಲ್ಲಿ ಪ್ರಾಣಿಯನ್ನು ಕೆಣಕುವುದು ಅಪರಾಧವೇ. 1933ರ ಆ ಒಪ್ಪಂದವೂ ವಾಹನದಿಂದ ಪ್ರಾಣಿಗಳನ್ನು ಅಟ್ಟಬಾರದು, ಬೆದರಿಸಬಾರದು, ಛಾಯಾಚಿತ್ರಕ್ಕಾಗಿಯೂ ಕೂಡದು ಎಂದು, ವಾಹನದಿಂದ ಬೇಟೆಯನ್ನು ನಿಷೇಧಿಸಿದ ತನ್ನ ಕಲಮಿನಲ್ಲೇ ಹೇಳಿತ್ತು. ಕ್ಯಾಮೆರಾದವರನ್ನು ಅಂದೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಹುಲಿ ರಸ್ತೆ ದಾಟಲೆಂದು ಲಂಟಾನದ ಅಂಚಿಗೆ ಬಂದು ನಿಲ್ಲುತ್ತದೆ. ಸುದ್ದಿ ಹರಡಿ ಜೀಪುಗಳು ಎರಡೂ ಕಡೆಯಿಂದ ಧಾವಿಸುತ್ತವೆ. ಒಂದು ಹಿಂದಕ್ಕೆ ಸರಿದು, ಇನ್ನೊಂದು ಮೂತಿ ತೂರಿಸಿ, ಅದಕ್ಕಿದ್ದ ದಾರಿಯೇ ಮುಚ್ಚಿಹೋಗುತ್ತದೆ. ಕಿವಿ ಹಿಂದಕ್ಕೆ ಮಡಿಸಿ ಅದು ಬಂದ ದಾರಿಗೇ ತಿರುಗುತ್ತದೆ. ಪೊದೆಯಲ್ಲಿ ಮರಿಗಳಿದ್ದರೆ ತಾಯಿ ಅವುಗಳಿಂದ ಅಷ್ಟು ಹೊತ್ತು ದೂರ. ರಕ್ತ ಬೀಳಲಿಲ್ಲ ನಿಜ, ಆದರೆ ಗಾಡಿಯ ಬಲದಿಂದ ಪ್ರಾಣಿಯ ಆಯ್ಕೆಯನ್ನು ಕಿತ್ತುಕೊಂಡದ್ದು ಅಲ್ಲೂ ಇಲ್ಲೂ ಒಂದೇ. ವನ್ಯಪ್ರಾಣಿಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಸುತ್ತುವರಿಯಬಾರದು ಎಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಹೇಳುತ್ತದೆ. ಅದನ್ನು ಮುರಿಯುವಂತೆ ಚಾಲಕನ ಮೇಲೆ ಒತ್ತಡ ಹಾಕುವವರು ಹೆಚ್ಚಿನ ಪಾಲು ನಾವೇ, “ಸ್ವಲ್ಪ ಮುಂದೆ ಹೋಗಪ್ಪಾ” ಎನ್ನುವ ಹಿಂದಿನ ಸೀಟಿನವರು.

ಹಾಗಾಗಿ ನಿಮಗೆ ಇದರ ಗೊಡವೆ ಇದೆ. ಮುಂದಿನ ಸಲ ಕಬಿನಿಗೆ ಹೋದಾಗ ಗಾಡಿ ಹೊರಡುವ ಮುಂಚೆಯೇ ಚಾಲಕನಿಗೆ ಎರಡು ಮಾತು ಹೇಳಿ: ಪ್ರಾಣಿಯ ದಾರಿಗೆ ಅಡ್ಡ ಹೋಗುವುದು ಬೇಡ, ಹುಲಿ ಕಾಣದಿದ್ದರೂ ನಿಮಗೆ ಕೊಡುವ ಇನಾಮು ಕಡಿಮೆಯಾಗುವುದಿಲ್ಲ. ಎರಡನೆಯ ಮಾತನ್ನು ಹೇಳದೆ ಮೊದಲನೆಯದನ್ನಷ್ಟೇ ಹೇಳಿದರೆ ಅವರು ನಂಬುವುದು ಕಷ್ಟ.