ಗುಂಡಿ ಒತ್ತುವವನಿಗೆ ಎಷ್ಟು ಸೆಕೆಂಡು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಸ್ವಾಯತ್ತ ಶಸ್ತ್ರಗಳ ಕುರಿತಾದವು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಡ್ರೋನ್ ಹಾರಿದರೆ ಸಾಕು, ಸುದ್ದಿಯಲ್ಲಿ ‘ಕೊಲೆಗಾರ ರೋಬೋ’ ಎನ್ನುತ್ತಾರೆ. ಯಾವುದನ್ನು ನಿಜವಾಗಿ ಸ್ವಾಯತ್ತ ಶಸ್ತ್ರ ಎನ್ನಬೇಕು?

ಉತ್ತರ: ಹಾರಿಸುವವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಹೊಡೆಯಬೇಕಾದ ಗುರಿಯನ್ನು ಆರಿಸಿದ್ದು ಯಾರು ಎಂದು ಕೇಳಿ. ಇರಾನಿನ ಶಾಹೆದ್-136 ಡ್ರೋನ್ ನೂರಾರು ಕಿ.ಮೀ. ತಾನೇ ಹಾರುತ್ತದೆ ನಿಜ, ಆದರೆ ಎಲ್ಲಿ ಬೀಳಬೇಕೆಂಬ ಅಕ್ಷಾಂಶ-ರೇಖಾಂಶವನ್ನು ಹಾರಿಸುವ ಮೊದಲೇ ಮನುಷ್ಯ ತುಂಬಿರುತ್ತಾನೆ. ಇಸ್ರೇಲಿನ ಹಾರ್ಪಿ ಡ್ರೋನ್ ಹಾಗಲ್ಲ. ಅದು ಒಂದು ಪ್ರದೇಶದ ಮೇಲೆ ಸುತ್ತುತ್ತಾ ರೇಡಾರ್ ತರಂಗಕ್ಕಾಗಿ ಕಾದು, ಸಿಕ್ಕಿದ ರೇಡಾರಿನ ಮೇಲೆ ತಾನಾಗಿಯೇ ಎರಗುತ್ತದೆ. ಉಡಾಯಿಸಿದವನಿಗೆ ಯಾವ ರೇಡಾರ್ ಸಾಯುತ್ತದೆಂದು ಗೊತ್ತಿರುವುದಿಲ್ಲ. ಸ್ವಾಯತ್ತ ಎಂದರೆ ಅದು.

ಅದರಲ್ಲಿ ಎಐ ಇರಲೇಬೇಕೆಂದಿಲ್ಲ ಎಂಬುದನ್ನೂ ಗಮನಿಸಿ. ಹಡಗಿನ ಪ್ರೊಪೆಲರ್ ಸದ್ದನ್ನು ಹಿಂಬಾಲಿಸುವ ಟಾರ್ಪೆಡೊ 1943ರಲ್ಲೇ ಬಂದಿತ್ತು. ಅಮೆರಿಕದ ಯುದ್ಧನೌಕೆಗಳ ಫ್ಯಾಲಾಂಕ್ಸ್ ತೋಪು 1980ರಿಂದ ತಾನೇ ಹುಡುಕಿ, ತಾನೇ ಗುಂಡು ಹಾರಿಸಬಲ್ಲದು. ಆದರೆ ಈ ಹಳೆಯ ಯಂತ್ರಗಳ ಗುರಿಗಳೆಲ್ಲ ತಾವಾಗಿಯೇ ಕೂಗಿ ಹೇಳುವಂಥವು: ತರಂಗ ಬಿಡುವ ರೇಡಾರ್, ಸದ್ದು ಮಾಡುವ ಹಡಗು, ನೇರ ನುಗ್ಗಿ ಬರುವ ಕ್ಷಿಪಣಿ. ಸುಮ್ಮನೆ ನಿಂತ ಲಾರಿಯನ್ನು, ನಡೆದು ಹೋಗುವ ಮನುಷ್ಯನನ್ನು ರೂಪ ನೋಡಿ ಗುರುತಿಸುತ್ತೇನೆ ಎನ್ನುವುದು ಎಐ ತಂದ ಹೊಸತು. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಪ್ರಶ್ನೆ: ಯುಕ್ರೇನ್ ಯುದ್ಧದಲ್ಲಿ ಪುಟ್ಟ ಎಫ್‌ಪಿವಿ (ಡ್ರೋನಿನ ಕ್ಯಾಮೆರಾ ಕಂಡದ್ದನ್ನೇ ನೋಡುತ್ತಾ ನಡೆಸುವ) ಡ್ರೋನ್‌ಗಳಿಗೂ ಎಐ ಜೋಡಿಸುತ್ತಿದ್ದಾರಂತೆ. ಪೈಲಟ್ ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು ನಡೆಸುತ್ತಿರುವಾಗ ಅದರ ಅಗತ್ಯವೇನು?

ಉತ್ತರ: ಕೊನೆಯ ಕೆಲವು ನೂರು ಮೀಟರ್‌ಗಾಗಿ. ಇಂಥ ಡ್ರೋನಿನ ವಿಡಿಯೊ ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ಆ ತರಂಗಕ್ಕೆ ಅಡ್ಡಿಯಿಲ್ಲದ ನೇರ ದಾರಿ ಬೇಕು. ಎರಗಲು ಡ್ರೋನ್ ಕೆಳಗಿಳಿದಾಗ ಮರ, ದಿಬ್ಬ ಅಡ್ಡ ಬಂದು ಪರದೆ ತುಂಬ ಗೀರು ಮೂಡುತ್ತದೆ. ಗುರಿಯ ಮೇಲೆ ರೇಡಿಯೊ ಸಂಪರ್ಕ ಕೆಡಿಸುವ ಜಾಮರ್ ಕೂತಿದ್ದರಂತೂ ಹತ್ತಿರ ಹೋದಷ್ಟೂ ಅದರದೇ ಗದ್ದಲ.

ಇದಕ್ಕೆ ಎರಡು ಮದ್ದುಗಳಿವೆ. ಒಂದು, ಆಪ್ಟಿಕಲ್ ಫೈಬರ್. ಹತ್ತಿಪ್ಪತ್ತು ಕಿ.ಮೀ. ಉದ್ದದ ಎಳೆಯ ಸುರುಳಿಯನ್ನು ಹೊತ್ತು, ಬಿಚ್ಚುತ್ತಾ ಸಾಗುವ ಡ್ರೋನನ್ನು ಜಾಮ್ ಮಾಡಲಾಗದು. ಆದರೆ ಸುರುಳಿಯ ತೂಕದಷ್ಟು ಸಿಡಿತಲೆ ಕಡಿಮೆಯಾಗುತ್ತದೆ, ಎಳೆ ಕೊಂಬೆಗೆ ಸಿಕ್ಕಿ ತುಂಡಾಗುತ್ತದೆ. ಇನ್ನೊಂದು, ಡ್ರೋನಿನೊಳಗೇ ಪುಟ್ಟ ಕಂಪ್ಯೂಟರ್ ಬೋರ್ಡ್. ಪೈಲಟ್ ಗುರಿಯ ಸುತ್ತ ಚೌಕ ಎಳೆದು ಲಾಕ್ ಮಾಡಿದ ಮೇಲೆ ಸಂಪರ್ಕ ಕಡಿದರೂ ಡ್ರೋನ್ ಆ ಚೌಕವನ್ನು ಬೆನ್ನಟ್ಟುತ್ತದೆ.

ಬೆನ್ನಟ್ಟುವುದೇ ಬೇರೆ, ಗುರುತಿಸುವುದೇ ಬೇರೆ. ಬೆನ್ನಟ್ಟುವ ಪ್ರೋಗ್ರಾಮಿಗೆ ಚೌಕದೊಳಗೆ ಏನಿದೆಯೆಂದು ತಿಳಿಯದು. ಹಿಂದಿನ ಫ್ರೇಮಿನ ಚಿತ್ರದಂಥದ್ದು ಈ ಫ್ರೇಮಿನಲ್ಲಿ ಎಲ್ಲಿದೆ ಎಂದಷ್ಟೇ ಅದು ಹುಡುಕುತ್ತದೆ. ಹೊಗೆ ಎದ್ದರೆ, ವಾಹನ ಮರದ ನೆರಳಿಗೆ ಸರಿದರೆ, ಚೌಕ ನೆರಳಿಗೋ ಬಂಡೆಗೋ ಅಂಟಿಕೊಂಡುಬಿಡುತ್ತದೆ. ಸರಿ, ಗುರುತಿಸುವ ಎಐ ಮಾದರಿಯನ್ನೇ ಹಾಕೋಣವೆಂದರೆ ಪಿಕ್ಸೆಲ್ ಸಾಲದು. ಲೆಕ್ಕ ಹಾಕಿ ನೋಡಿ: 640 ಪಿಕ್ಸೆಲ್ ಅಗಲದ, 60 ಡಿಗ್ರಿ ನೋಟದ ಕ್ಯಾಮೆರಾಗೆ ಒಂದು ಕಿ.ಮೀ. ದೂರದಲ್ಲಿ ಕಾಣುವ ಅಗಲ ಸುಮಾರು 1,155 ಮೀಟರ್. ಅಂದರೆ ಒಂದು ಪಿಕ್ಸೆಲ್‌ಗೆ 1.8 ಮೀಟರ್; ನಾಲ್ಕು ಮೀಟರ್ ಉದ್ದದ ವಾಹನ ಬರೀ ಎರಡು ಚುಕ್ಕಿ. 100 ಮೀಟರಿಗೆ ಬಂದಾಗ ಅದೇ ವಾಹನ 22 ಪಿಕ್ಸೆಲ್ ಆಗುತ್ತದೆ, ಆದರೆ ಅರ್ಧ ಮೀಟರ್ ಅಗಲದ ಮನುಷ್ಯ ಮೂರೇ ಪಿಕ್ಸೆಲ್. ಅವನ ಕೈಯಲ್ಲಿರುವುದು ಬಂದೂಕೋ ಗುದ್ದಲಿಯೋ? ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಉಳಿದ 100 ಮೀಟರ್ ಮುಗಿಯಲು ನಾಲ್ಕು ಸೆಕೆಂಡೂ ಬೇಡ.

ಪ್ರಶ್ನೆ: ಎಐ ಶೇ 99ರಷ್ಟು ನಿಖರ ಎಂದರೆ ಸೈನಿಕನ ಕಣ್ಣಿಗಿಂತ ಮೇಲಲ್ಲವೇ?

ಉತ್ತರ: ಈ ‘ಶೇ 99’ರಷ್ಟು ಮೋಸದ ಅಂಕಿ ಬೇರೊಂದಿಲ್ಲ. ಒಂದು ಪಟ್ಟಣದಲ್ಲಿ 1,00,000 ಜನ, ಅವರಲ್ಲಿ 100 ಮಂದಿ ಹೋರಾಟಗಾರರು ಎಂದಿಟ್ಟುಕೊಳ್ಳಿ. ಯಂತ್ರ ಎರಡೂ ಕಡೆ ಶೇ 99 ಸರಿಯಾಗಿ ಹೇಳುತ್ತದೆ. ಆಗ 100ರಲ್ಲಿ 99 ಹೋರಾಟಗಾರರು ಸಿಕ್ಕಿಬೀಳುತ್ತಾರೆ. ಉಳಿದ 99,900 ಜನರಲ್ಲಿ ಶೇ 1, ಅಂದರೆ 999 ಅಮಾಯಕರ ಮೇಲೂ ಕೆಂಪು ಗುರುತು ಬೀಳುತ್ತದೆ. ಪಟ್ಟಿಯಲ್ಲಿರುವ ಒಟ್ಟು 1,098 ಮಂದಿಯಲ್ಲಿ ನಿಜವಾದವರು ಶೇ 9 ಮಾತ್ರ. ಕಾಳಿಗಿಂತ ಜೊಳ್ಳೇ ಹತ್ತು ಪಟ್ಟು. ನಿಖರತೆಯನ್ನು ಶೇ 99.9ಕ್ಕೆ ಏರಿಸಿದರೂ ಪಟ್ಟಿ ಅರ್ಧಕ್ಕರ್ಧ ತಪ್ಪೇ. ಹುಡುಕುವ ವಸ್ತು ವಿರಳವಾದಷ್ಟೂ ಹೀಗೇ. ಪ್ರೋಗ್ರಾಮ್ ಬರೆದವರ ಜಾಣ್ಮೆಯಿಂದ ಇದು ಬಗೆಹರಿಯುವುದಿಲ್ಲ.

ಆ 99 ಕೂಡ ಪ್ರಯೋಗಾಲಯದ ಅಂಕಿ. ಬೇಸಿಗೆಯ ಚಿತ್ರಗಳಿಂದ ಕಲಿತ ಮಾದರಿಗೆ ಹಿಮ ಬಿದ್ದ ನೆಲ ಹೊಸದು. ಟ್ಯಾಂಕಿನ ಮೇಲೆ ತಗಡಿನ ಮಾಡು ಕಟ್ಟಿದರೆ ಅದು ಟ್ಯಾಂಕಿನಂತೆ ಕಾಣುವುದೇ ಇಲ್ಲ. 2017ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು 3ಡಿ ಮುದ್ರಣದ ಪ್ಲಾಸ್ಟಿಕ್ ಆಮೆಯೊಂದರ ಮೈಮೇಲಿನ ವಿನ್ಯಾಸವನ್ನು ಕೊಂಚ ತಿದ್ದಿದ್ದರು. ಹೆಚ್ಚುಕಡಿಮೆ ಯಾವ ಕೋನದಿಂದ ತೋರಿಸಿದರೂ ಎಐ ಅದನ್ನು ರೈಫಲ್ ಎಂದಿತು. ಯುದ್ಧದಲ್ಲಿ ಎದುರಾಳಿ ಬೇಕೆಂದೇ ಮೋಸ ಮಾಡುತ್ತಾನೆ, ಅದೇ ಅವನ ಕೆಲಸ.

ಪ್ರಶ್ನೆ: ಕೊನೆಯ ಗುಂಡಿಯನ್ನು ಮನುಷ್ಯನೇ ಒತ್ತಬೇಕೆಂಬ ನಿಯಮ ಮಾಡಿದರೆ ಸಮಸ್ಯೆ ಮುಗಿಯಲಿಲ್ಲವೇ?

ಉತ್ತರ: 2003ರ ಮಾರ್ಚ್ 23ರಂದು ಇರಾಕ್ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ತಂಡ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನೇ ಹೊಡೆದುರುಳಿಸಿತು, ಇಬ್ಬರು ಸತ್ತರು. ಅಲ್ಲಿ ಮನುಷ್ಯರಿದ್ದರು, ತರಬೇತಿಯೂ ಆಗಿತ್ತು. ಕಂಪ್ಯೂಟರ್ ಮಾತ್ರ ಕೆಳಗಿಳಿಯುತ್ತಿದ್ದ ವಿಮಾನವನ್ನು ರೇಡಾರ್ ನಾಶಕ ಕ್ಷಿಪಣಿ ಎಂದು ವರ್ಗೀಕರಿಸಿತು. ಬ್ರಿಟನ್ನಿನ ತನಿಖೆ ಹೇಳಿದ ಕಾರಣಗಳು ಪಾಠದಂತಿವೆ. ವರ್ಗೀಕರಣದ ಮಾನದಂಡ ಜಗತ್ತಿನ ಬಗೆಬಗೆಯ ಕ್ಷಿಪಣಿಗಳನ್ನು ಒಳಗೊಳ್ಳುವಷ್ಟು ಸಡಿಲವಾಗಿತ್ತು, ಇರಾಕಿನ ಬೆದರಿಕೆಗೆ ತಕ್ಕಂತೆ ಬಿಗಿ ಮಾಡಿರಲಿಲ್ಲ. ನಮ್ಮವರೋ ಪರರೋ ಎಂದು ತಿಳಿಸುವ ವಿಮಾನದ ಸಾಧನ ಕೆಲಸ ಮಾಡುತ್ತಿರಲಿಲ್ಲ. ಪೇಟ್ರಿಯಟ್ ತಂಡದ ಸಂಪರ್ಕ ಸಾಮಗ್ರಿ ಇನ್ನೂ ಬಂದಿರದೆ ಅದು ಒಂಟಿಯಾಗಿತ್ತು. ಸುಳ್ಳು ಎಚ್ಚರಿಕೆಯನ್ನು ಗುರುತಿಸುವ ಅಭ್ಯಾಸಕ್ಕೆ ತರಬೇತಿಯಲ್ಲಿ ಒತ್ತು ಇರಲಿಲ್ಲ. ನಿರ್ಧಾರಕ್ಕೆ ಸಿಕ್ಕಿದ್ದು ಸುಮಾರು ಒಂದು ನಿಮಿಷ.

ಪರದೆ ‘ಕ್ಷಿಪಣಿ’ ಎನ್ನುತ್ತಿರುವಾಗ, ತನ್ನ ಜೀವವೇ ಅಪಾಯದಲ್ಲಿರುವಾಗ, ಅಲ್ಲಗಳೆಯಲು ಬೇರೆ ಮಾಹಿತಿಯಿಲ್ಲದೆ ಕೂತವನು ಉತ್ಸವಮೂರ್ತಿ. ಹಾಗಾಗಿ ‘ಮನುಷ್ಯ ಇದ್ದಾನೆಯೇ’ ಎಂದು ಕೇಳಿದರೆ ಸಾಲದು. ಅವನಿಗೆ ಎಷ್ಟು ಸಮಯವಿದೆ, ಯಂತ್ರದ ತೀರ್ಪಿನ ಆಚೆ ಅವನಿಗೆ ಏನು ಕಾಣಿಸುತ್ತದೆ, ಬೇಡವೆಂದರೆ ಅವನ ಮೇಲಧಿಕಾರಿ ಏನನ್ನುತ್ತಾನೆ ಎಂದು ಕೇಳಿ. ಗಾಜಾದಲ್ಲಿ ಇಸ್ರೇಲಿ ಸೇನೆಯ ‘ಲ್ಯಾವೆಂಡರ್’ ಎಂಬ ಎಐ ವ್ಯವಸ್ಥೆ ದಾಳಿಗೆ ಸೂಚಿಸಿದ ಹೆಸರುಗಳನ್ನು ಕೆಲವೊಮ್ಮೆ 20 ಸೆಕೆಂಡಿನಲ್ಲಿ ಒಪ್ಪಲಾಗುತ್ತಿತ್ತು ಎಂದು 2024ರಲ್ಲಿ ಇಸ್ರೇಲಿನದೇ +972 ಪತ್ರಿಕೆ ವರದಿ ಮಾಡಿತು. ಇಸ್ರೇಲಿ ಸೇನೆ ಆ ಚಿತ್ರಣವನ್ನು ಒಪ್ಪಲಿಲ್ಲ. ಅದೇನೇ ಇರಲಿ, ನಿಯಮ ಬರೆಯುವವರು ಈ ಸೆಕೆಂಡುಗಳನ್ನೇ ಬರೆಯಬೇಕು. ಸ್ವಾಯತ್ತ ಶಸ್ತ್ರಗಳ ಕುರಿತ ಅಮೆರಿಕದ ರಕ್ಷಣಾ ಇಲಾಖೆಯ 3000.09 ನಿರ್ದೇಶನ ‘ಸೂಕ್ತ ಮಟ್ಟದ ಮಾನವ ವಿವೇಚನೆ’ ಎನ್ನುತ್ತದೆ. ಸೂಕ್ತ ಎಂದರೆ ಎಷ್ಟು ಎಂಬ ಸಂಖ್ಯೆ ಅದರಲ್ಲಿಲ್ಲ.

ಪ್ರಶ್ನೆ: ಯಂತ್ರಕ್ಕೆ ಸಿಟ್ಟಿಲ್ಲ, ಸೇಡಿಲ್ಲ. ಅದೇ ಒಳ್ಳೆಯದಲ್ಲವೇ?

ಉತ್ತರ: ಹಡಗಿನತ್ತ ನುಗ್ಗುವ ಕ್ಷಿಪಣಿಯನ್ನು ತಡೆಯುವಲ್ಲಿ ಒಳ್ಳೆಯದೇ, ಅಲ್ಲಿ ಮನುಷ್ಯ ನಿಧಾನ. ಆದರೆ ಶರಣಾದವನನ್ನು, ಗಾಯಗೊಂಡು ಹೋರಾಡಲಾರದವನನ್ನು ಕೊಲ್ಲಬಾರದೆಂಬ ನಿಯಮವಿದೆ. ಕೈ ಎತ್ತಿದ್ದು ಶರಣಾಗತಿಗೋ, ಏನನ್ನಾದರೂ ಎಸೆಯಲಿಕ್ಕೋ ಎಂದು ಆ ಮೂರು ಪಿಕ್ಸೆಲ್‌ನಲ್ಲಿ ತಿಳಿಯುವುದು ಹೇಗೆ?

ಪ್ರಶ್ನೆ: ಅಣ್ವಸ್ತ್ರಕ್ಕೂ ಎಐ ಕೈ ಹಾಕುತ್ತದೆಯೇ?

ಉತ್ತರ: ಬಳಕೆಯ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕೆಂದು 2024ರ ನವೆಂಬರಿನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಬೈಡನ್ ಮತ್ತು ಚೀನಾದ ಷಿ ಜಿನ್‌ಪಿಂಗ್ ಒಪ್ಪಿದರು. ಆದರೆ ಎಚ್ಚರಿಕೆ ನೀಡುವ ವ್ಯವಸ್ಥೆಗಳು ಬೇರೆ ಮಾತು. 1983ರಲ್ಲಿ ಮೋಡದ ಮೇಲಿನ ಬಿಸಿಲ ಹೊಳಪನ್ನು ಸೋವಿಯತ್ ಉಪಗ್ರಹ ಕ್ಷಿಪಣಿಯೆಂದು ತಿಳಿದಾಗ, ಸುಳ್ಳೆಂದು ಗುರುತಿಸಿದ್ದು ಪೆಟ್ರೊವ್ ಎಂಬ ಅಧಿಕಾರಿ. ದಾಳಿ ಮಾಡುವವರು ಐದೇ ಕ್ಷಿಪಣಿ ಹಾರಿಸಲಾರರು ಎಂಬುದು ಅವರ ತರ್ಕ.

ಪ್ರಶ್ನೆ: ತಪ್ಪಾದರೆ ಹೊಣೆ ಯಾರದು? ನೆಲಬಾಂಬಿನಂತೆ ಇದನ್ನೂ ನಿಷೇಧಿಸಲಾಗದೇ?

ಉತ್ತರ: ಇಂದಿನ ಕಾನೂನಿನಲ್ಲಿ ಯಂತ್ರ ಅಪರಾಧಿಯಲ್ಲ; ಹೊಣೆ ಅದನ್ನು ಕಳಿಸಿದ ಕಮಾಂಡರ್ ಮತ್ತು ದೇಶದ್ದು. ಆದರೆ ಯುದ್ಧಾಪರಾಧಕ್ಕೆ ಉದ್ದೇಶ ತೋರಿಸಬೇಕು, ‘ಪ್ರೋಗ್ರಾಮ್ ಹೀಗೆ ಮಾಡುತ್ತದೆಂದು ತಿಳಿದಿರಲಿಲ್ಲ’ ಎಂದರೆ ಅದು ಜಾರಿಹೋಗುತ್ತದೆ. ನಿಷೇಧದ ಮಾತು ಜಿನೀವಾದ ವಿಶ್ವಸಂಸ್ಥೆ ಸಭೆಗಳಲ್ಲಿ 2014ರಿಂದ ನಡೆದಿದೆ. ಅಲ್ಲಿ ಸರ್ವಾನುಮತ ಬೇಕು, ಒಂದೇ ದೇಶ ತಲೆಯಾಡಿಸದಿದ್ದರೂ ಕೆಲಸ ನಿಂತಿತು. 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 152 ದೇಶಗಳು ಸ್ವಾಯತ್ತ ಶಸ್ತ್ರಗಳ ಕುರಿತ ನಿರ್ಣಯದ ಪರ ನಿಂತವು. ವಿರುದ್ಧ ಮತ ಹಾಕಿದ ನಾಲ್ಕರಲ್ಲಿ ರಷ್ಯಾ, ಭಾರತ ಇದ್ದವು. ನೆಲಬಾಂಬನ್ನು ಅಗೆದು ತೆಗೆದು ಎಣಿಸಬಹುದು. ಒಂದೇ ಡ್ರೋನ್ ಮನುಷ್ಯನ ಕೈಯಲ್ಲಿದೆಯೇ ತನ್ನದೇ ಕೈಯಲ್ಲಿದೆಯೇ ಎಂಬುದು ಒಳಗಿನ ಪ್ರೋಗ್ರಾಮಿನ ಒಂದು ಆಯ್ಕೆ, ಹೊರಗಿನಿಂದ ಕಾಣದು. ಯುದ್ಧದ ನಿಯಮಗಳ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲಿನ 36ನೇ ವಿಧಿಯ ಪ್ರಕಾರ ಹೊಸ ಶಸ್ತ್ರ ಕಾನೂನಿಗೆ ಒಪ್ಪುತ್ತದೆಯೇ ಎಂದು ಅದನ್ನು ಒಪ್ಪಿಕೊಂಡ ದೇಶ ಪರೀಕ್ಷಿಸಬೇಕು. ಆದರೆ ವಾರಕ್ಕೊಮ್ಮೆ ಸಾಫ್ಟ್‌ವೇರ್ ಬದಲಾಗುವ ಡ್ರೋನ್ ಯಾವ ಹಂತದಲ್ಲಿ ‘ಹೊಸ’ ಶಸ್ತ್ರವಾಗುತ್ತದೆಂದು ಆ ವಿಧಿ ಹೇಳುವುದಿಲ್ಲ.