ಡೋನಟ್ ಮಾರಿ ಕೊಂಡ ಸಮವಸ್ತ್ರ

ಪ್ರಶ್ನೆ: ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಅಂದರೆ ಎಲ್ಲರೂ ಪ್ಯಾಟ್ ಸಮಿಟ್ ಹೆಸರು ಹೇಳ್ತಾರೆ. ಅಂಥದ್ದೇನು ಮಾಡಿದರು ಅವರು?
– ಓದುಗರೊಬ್ಬರು, ಮಂಡ್ಯ

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ರಿ. 1974ರಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ಹೆಡ್ ಕೋಚ್ ಆದಾಗ ಅವರಿಗೆ ಬರೀ 22 ವರ್ಷ. ತಿಂಗಳಿಗೆ 250 ಡಾಲರ್ ಸಂಬಳ. ವ್ಯಾನ್ ಓಡಿಸೋದೂ ಅವರೇ, ಹುಡುಗಿಯರ ಸಮವಸ್ತ್ರ ಒಗೆಯೋದೂ ಅವರೇ, ಆ ಸಮವಸ್ತ್ರವನ್ನೂ ಹಿಂದಿನ ವರ್ಷ ಡೋನಟ್ ಮಾರಿ ಬಂದ ದುಡ್ಡಲ್ಲಿ ಕೊಂಡಿದ್ದರು. ಅಲ್ಲಿಂದ 38 ಸೀಸನ್, 1,098 ಗೆಲುವು, 8 ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ. 1984ರಲ್ಲಿ ಅಮೆರಿಕಕ್ಕೆ ಒಲಿಂಪಿಕ್ಸ್ ಚಿನ್ನ ತಂದ ತಂಡಕ್ಕೂ ಅವರೇ ಕೋಚ್.

ನನಗೆ ಜಾಸ್ತಿ ಇಷ್ಟವಾಗೋದು ಬೇರೆಯೇ. ಅವರ ಆಟಗಾರ್ತಿಯರು ಕ್ಲಾಸಿನಲ್ಲಿ ಮೊದಲ ಮೂರು ಸಾಲಲ್ಲೇ ಕೂರಬೇಕಿತ್ತು. ಸುಮ್ನೆ ಹೇಳಿದ ಮಾತಲ್ಲ, ಕಟ್ಟುನಿಟ್ಟಿನ ನಿಯಮ. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದವರೆಲ್ಲ ಪದವಿ ಪಡೆದೇ ಹೊರಬಂದರು. ಎಷ್ಟು ಕೋಚ್‌ಗಳು ಹೀಗೆ ಹೇಳಿಕೊಳ್ಳಬಹುದು ಹೇಳಿ?

2011ರಲ್ಲಿ ಅವರಿಗೆ ಆಲ್‌ಝೈಮರ್ಸ್ ಅನ್ನೋ ಮರೆವಿನ ಕಾಯಿಲೆ ಇರೋದು ಗೊತ್ತಾಯ್ತು. ಮುಚ್ಚಿಡಲಿಲ್ಲ, ಎಲ್ಲರಿಗೂ ತಿಳಿಸಿ ಇನ್ನೊಂದು ಸೀಸನ್ ತಂಡದ ಜೊತೆಗೇ ನಿಂತರು. 2016ರಲ್ಲಿ, 64ನೇ ವಯಸ್ಸಿಗೆ ತೀರಿಕೊಂಡರು.